ಹಡಗು ಹತ್ತಿದ ಬಸ್ಸು

ನನ್ನ ಚಿಕ್ಕಮ್ಮನಿಗೆ ಕಾರು ಆಗಿಬರುವುದಿಲ್ಲ. ಗಾಜು ಏರಿಸಿ ಏಸಿ ಹಾಕಿದರೆ ಸಾಕು, ಊರ ಗಡಿ ದಾಟುವಷ್ಟರಲ್ಲಿ ಅವಳಿಗೆ ಹೊಟ್ಟೆ ತೊಳಸಲು ಶುರುವಾಗುತ್ತದೆ. ಬಸ್ಸಾದರೆ ಎಷ್ಟು ದೂರವಾದರೂ ಚಿಂತೆಯಿಲ್ಲ. ಕಿಟಕಿ ಪಕ್ಕ ಕೂತು, ಸೆರಗನ್ನು ತಲೆಗೆ ಸುತ್ತಿಕೊಂಡು, ಪಕ್ಕದವರ ಊರು, ಮಕ್ಕಳು, ಮಂಡಿನೋವು ಎಲ್ಲವನ್ನೂ ವಿಚಾರಿಸುತ್ತಾ ಹೋಗುತ್ತಾಳೆ. ಚನ್ನಪಟ್ಟಣದ ಬಳಿ, ದೊಡ್ಡಮಳೂರಿನ ಹತ್ತಿರದ ಹಳ್ಳಿಯಲ್ಲಿ ಅವಳ ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ. ಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಮದುವೆಯಾಗಿ ಬಂದ ಕಾಲದಿಂದಲೂ ಬಸ್ಸಿನಲ್ಲೇ ಓಡಾಡಿದವಳು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲಂತೂ ಅವಳನ್ನು ಹಿಡಿಯುವವರೇ ಇಲ್ಲ. ಒಂದು ಬೆಳೆ ಮುಗಿದು ಮುಂದಿನ ಬೆಳೆಗೆ ಹುಳುವಿನ ಮೊಟ್ಟೆ ತರುವ ನಡುವಿನ ಬಿಡುವಿನಲ್ಲಿ ಆಧಾರ್ ಕಾರ್ಡನ್ನು ಎಲೆಅಡಿಕೆ ಚೀಲಕ್ಕೆ ತುರುಕಿಕೊಂಡು ಹೊರಟು ಬೀದರಿನವರೆಗೂ ಹೋಗಿಬಂದಿದ್ದಾಳೆ. ಅಲ್ಲಿ ಏನು ನೋಡಿದೆ ಎಂದು ಕೇಳಿದರೆ ಕೋಟೆಯ ವಿಷಯ ಬಿಟ್ಟು ಬಸ್ಸಿನಲ್ಲಿ ಸಿಕ್ಕ ಜನರ ಕಥೆ ಹೇಳುತ್ತಾಳೆ.

ನಾನು ಕನಕಪುರದಲ್ಲಿ ಹೈಸ್ಕೂಲ್ ಟೀಚರ್. ವಯಸ್ಸಿನಲ್ಲಿ ಅವಳಿಗೂ ನನಗೂ ದೊಡ್ಡ ಅಂತರವೇನಿಲ್ಲ. ಕುದೂರಿನಲ್ಲಿ ತಾತನ ಮನೆಯ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ನಾವು. ದಸರಾ ರಜೆಗೆ ಅಂಡಮಾನಿಗೆ ಹೋಗಬೇಕೆಂದು ಬಹಳ ದಿನದಿಂದ ಆಸೆಯಿತ್ತು. ಜೊತೆಗೆ ಬರುತ್ತೇನೆ ಎಂದಿದ್ದ ನಮ್ಮ ಸ್ಕೂಲಿನ ಇನ್ನೊಬ್ಬ ಟೀಚರ್ ಟಿಕೆಟ್ ಮಾಡಿಸುವ ಹೊತ್ತಿಗೆ ಹಿಂದೆ ಸರಿದರು. ಆ ವಾರ ಚಿಕ್ಕಮ್ಮನ ಮನೆಗೆ ಹೋದಾಗ ಈ ವಿಷಯ ಬಂತು. ಅವಳು ಹುಳುವಿನ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು.

"ಸುತ್ತಾನೂ ನೀರಿರೋ ಊರು ಅಂತೀಯ. ಅಲ್ಲಿ ಬಸ್ಸು ಐತಾ?" ಅಂದಳು.

"ಇದೆ ಚಿಕ್ಕಮ್ಮ."

"ಎಲ್ಲಿಗೆ ಓಯ್ತದೆ ಅದು?"

ಭೂಪಟದಲ್ಲಿ ಆ ದ್ವೀಪಗಳನ್ನು ವರ್ಷಾವರ್ಷ ಮಕ್ಕಳಿಗೆ ತೋರಿಸಿದ್ದೇನೆ. ಅಲ್ಲೊಂದು ಬಸ್ಸು ಹೊರಟು ಎಲ್ಲಿಗೋ ಹೋಗಿ ನಿಲ್ಲುತ್ತದೆ ಎನ್ನುವುದು ಒಮ್ಮೆಯೂ ತಲೆಗೆ ಬಂದಿರಲಿಲ್ಲ.

"ನಿಂಗೂ ಗೊತ್ತಿಲ್ಲ ಅನ್ನು. ಅಂಗಾರೆ ನಾನೂ ಬತ್ತೀನಿ, ನೋಡವ" ಅಂದಳು.

ವಿಮಾನ ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ. ಕಿಟಕಿ ತೆಗೆಯಲು ಬರುವುದಿಲ್ಲ, ಪಕ್ಕದವನು ಕಿವಿಗೆ ವೈರು ಸಿಕ್ಕಿಸಿಕೊಂಡು ಮಾತಾಡುವುದಿಲ್ಲ, ನಡುವೆ ಎಲ್ಲೂ ನಿಲ್ಲಿಸುವುದಿಲ್ಲ. ಇಳಿಯುವ ಮುಂಚೆ ಕೆಳಗೆ ಹಸಿರು ತುಂಡುಗಳು, ಅವುಗಳ ಅಂಚಿಗೆ ಬಿಳಿಯ ಗೆರೆ, ಆಚೆಗೆ ಬಣ್ಣ ಹೇಳಲಾಗದ ನೀರು ಕಂಡಾಗ ಮಾತ್ರ ಅವಳು ನನ್ನ ತೊಡೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

ನಾನು ಬುದ್ಧಿವಂತೆಯಂತೆ ಮೊದಲೇ ಕಾರು ಗೊತ್ತು ಮಾಡಿದ್ದೆ. ಪೋರ್ಟ್ ಬ್ಲೇರ್ ಬೆಟ್ಟದ ಮೇಲೆ ಕಟ್ಟಿದ ಊರು. ಎಲ್ಲಾ ರಸ್ತೆಯೂ ಒಂದೋ ಹತ್ತುತ್ತದೆ, ಇಲ್ಲವೇ ಇಳಿಯುತ್ತದೆ. ಎರಡನೆಯ ತಿರುವಿನಲ್ಲೇ ಚಿಕ್ಕಮ್ಮ ಕಾರು ನಿಲ್ಲಿಸಲು ಹೇಳಿ ಕೆಳಗಿಳಿದು ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ರಸ್ತೆಯ ಆಚೆಗೆ ಕೈ ತೋರಿಸಿದಳು. ಅಲ್ಲೊಂದು ಬಸ್ಸು ಹೋಗುತ್ತಿತ್ತು. ಹಳೆಯ ಬಸ್ಸು, ಕಿಟಕಿಗಳೆಲ್ಲ ತೆರೆದಿದ್ದವು. ಒಳಗಿದ್ದವರ ತಲೆಗೂದಲು ಗಾಳಿಗೆ ಹಾರುತ್ತಿತ್ತು.

"ಅದ್ರಲ್ಲಿ ಓಗವ" ಅಂದಳು.

ಹೀಗೆ ನಮ್ಮ ಪ್ರವಾಸ ಬಸ್ಸಿನ ಪ್ರವಾಸವಾಯಿತು.

ಬಸ್ ಸ್ಟ್ಯಾಂಡು ಗಡಿಯಾರದ ಕಂಬವಿರುವ ಪೇಟೆಯ ಕೆಳಗಿದೆ. ಊರಿಗೆ ಈಗ ಹೊಸ ಹೆಸರು ಬಂದಿದ್ದರೂ ಕಂಡಕ್ಟರುಗಳು ಇನ್ನೂ ಹಳೆಯ ಹೆಸರನ್ನೇ ಕೂಗುತ್ತಾರೆ. ಚನ್ನಪಟ್ಟಣದ ಸ್ಟ್ಯಾಂಡಿನಷ್ಟು ದೊಡ್ಡದೂ ಅಲ್ಲ. ಆದರೆ ಅಲ್ಲಿ ಕಿವಿಗೆ ಬಿದ್ದ ಮಾತುಗಳನ್ನು ನಾನು ಒಂದೇ ಕಡೆ ಎಂದೂ ಕೇಳಿರಲಿಲ್ಲ. ಒಂದು ಕಂಬದ ಬಳಿ ಬಂಗಾಳಿ, ಇನ್ನೊಂದರ ಬಳಿ ತಮಿಳು, ಟಿಕೆಟ್ ಕಿಟಕಿಯಲ್ಲಿ ತೆಲುಗು, ಎಲ್ಲದರ ನಡುವೆ ಹಿಂದಿ. ಯಾರೂ ಯಾರಿಗೂ ಹೊರಗಿನವರಂತೆ ಕಾಣಲಿಲ್ಲ. ನಾವೂ ಕಾಣಲಿಲ್ಲವೇನೋ. ಒಬ್ಬಾಕೆ ಬಂದು ನನ್ನನ್ನೇ ಯಾವ ಬಸ್ಸು ಎಲ್ಲಿಗೆ ಎಂದು ಕೇಳಿದಳು.

ಮೊದಲ ಬಸ್ಸು ವಂಡೂರಿನದು. ಕಂಡಕ್ಟರ್ ಹತ್ತಿರ ಬಂದ ಕೂಡಲೇ ಚಿಕ್ಕಮ್ಮ ಎಲೆಅಡಿಕೆ ಚೀಲದಿಂದ ಆಧಾರ್ ಕಾರ್ಡ್ ತೆಗೆದು ಅವನ ಮುಂದೆ ಹಿಡಿದಳು. ಅವನು ಅದನ್ನು ತಿರುಗಿಸಿ ನೋಡಿದ. ಫೋಟೋ ನೋಡಿದ, ಅವಳ ಮುಖ ನೋಡಿದ, ಕನ್ನಡದ ಅಕ್ಷರ ನೋಡಿದ. ಮರ್ಯಾದೆಯಿಂದ ವಾಪಸ್ಸು ಕೊಟ್ಟು, ತುಂಬಾ ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿ ನಿಂತುಕೊಂಡ. ಅವಳೂ ತಲೆಯಾಡಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕಾದರು.

"ಇಲ್ಲಿ ಅದು ನಡೆಯಲ್ಲ ಚಿಕ್ಕಮ್ಮ, ಟಿಕೆಟ್ ತಗೋಬೇಕು" ಅಂದೆ.

"ಅದ್ಯಾಕೆ? ನಾನು ಇಲ್ಲಿ ಎಂಗ್ಸಲ್ವಾ?"

ನಾನು ನಗು ತಡೆದುಕೊಂಡು ಕಂಡಕ್ಟರನಿಗೆ ಹಿಂದಿಯಲ್ಲಿ ವಿವರಿಸಿದೆ. ಅವನು ಅದನ್ನು ಹಿಂದಿನ ಸೀಟಿನವರಿಗೆ ಹೇಳಿದ, ಅವರು ಅವರ ಹಿಂದಿನವರಿಗೆ. ನಾಲ್ಕು ಭಾಷೆಯಲ್ಲಿ ಆ ಸುದ್ದಿ ಬಸ್ಸಿನ ಕೊನೆಯವರೆಗೆ ಹೋಗಿ, ಎಲ್ಲರೂ ನಗುತ್ತಾ ನಮ್ಮ ಕಡೆ ನೋಡಿದರು. ಮೀನಿನ ಬುಟ್ಟಿಯ ಒಬ್ಬ ಹೆಂಗಸು ಎದ್ದು ಬಂದು ಚಿಕ್ಕಮ್ಮನ ಪಕ್ಕದಲ್ಲೇ ಕೂತಳು. ನಮ್ಮ ಕಡೆ ನಿಜವಾಗಿಯೂ ಹೆಂಗಸರಿಗೆ ಬಸ್ಸು ಸುಮ್ಮನೆ ಬಿಡುತ್ತಾರಾ ಎಂದು ತಮಿಳಿನಲ್ಲಿ ಕೇಳಿದಳು. ಚಿಕ್ಕಮ್ಮನಿಗೆ ಒಸಿ ತಮಿಳು ಬರುತ್ತದೆ, ಗೂಡಿನ ಮಾರುಕಟ್ಟೆಯ ಉರ್ದು ಬರುತ್ತದೆ, ಉಳಿದದ್ದಕ್ಕೆ ಕೈಯಿದೆ, ಕಣ್ಣಿದೆ. ಇಳಿಯುವಷ್ಟರಲ್ಲಿ ಆ ಹೆಂಗಸಿನ ಗಂಡ ದೋಣಿಯ ಕೆಲಸ ಬಿಟ್ಟದ್ದು, ಅತ್ತೆಗೆ ಕಣ್ಣಿನ ಆಪರೇಷನ್ ಆದದ್ದು ಎಲ್ಲವೂ ಚಿಕ್ಕಮ್ಮನಿಗೆ ಗೊತ್ತಾಗಿತ್ತು.

ವಂಡೂರಿನಲ್ಲಿ ಬಸ್ಸು ನಿಂತಿತು. ಇಳಿದು ಮರಗಳ ನಡುವೆ ನಡೆದೆವು. ಆಮೇಲೆ ರಸ್ತೆಯೇ ಇರಲಿಲ್ಲ, ಬರೀ ನೀರು. ಹಿಂದೆ ಸಮುದ್ರ ಉಕ್ಕಿ ಬಂದಾಗ ಬುಡಸಮೇತ ಬಿದ್ದ ಮರಗಳು ಮರಳಿನ ಮೇಲೆ ಬೆಳ್ಳಗೆ ಮಲಗಿದ್ದವು. ಅವುಗಳ ಬೇರುಗಳು ಆಕಾಶಕ್ಕೆ ಹರಡಿಕೊಂಡು ನನಗಿಂತ ಎತ್ತರವಾಗಿದ್ದವು. ಚಿಕ್ಕಮ್ಮ ಒಂದು ಬೇರಿಗೆ ಕೈಯಿಟ್ಟುಕೊಂಡು ನಿಂತಳು. ನೀರು ದಡದ ಹತ್ತಿರ ಗಾಜಿನಂತೆ ತಿಳಿಯಾಗಿತ್ತು, ಒಸಿ ಆಚೆಗೆ ಎಳೆ ಹಸಿರು, ಇನ್ನೂ ಆಚೆಗೆ ನೀಲಿ, ಕೊನೆಗೆ ಕಪ್ಪು.

"ಇಷ್ಟು ನೀರಿಗೆ ಇಷ್ಟೇ ಸದ್ದಾ?" ಅಂದಳು ಪಿಸುಮಾತಿನಲ್ಲಿ.

ಅಲ್ಲಿಂದ ದಿನಕ್ಕೊಂದು ಬಸ್ಸು ಹಿಡಿದೆವು. ಒಂದು ಬಸ್ಸು ಭತ್ತದ ಗದ್ದೆ, ತೆಂಗಿನ ತೋಟ ದಾಟಿ ಒಂದು ಗುಡ್ಡವನ್ನೇರಿತು. ತುದಿಯಲ್ಲಿ ಡ್ರೈವರ್ ಇಳಿದು, ಅಲ್ಲಿದ್ದ ಪುಟ್ಟ ಗುಡಿಗೆ ಕೈಮುಗಿದು, ಮತ್ತೆ ಹತ್ತಿ ಇಳಿಜಾರಿಗೆ ಬಿಟ್ಟ. ತಿರುವು ಕಳೆದ ಕೂಡಲೇ ಬಸ್ಸಿನ ಮುಂದಿನ ಗಾಜಿನ ತುಂಬಾ ಸಮುದ್ರ ತುಂಬಿಕೊಂಡಿತು. ಒಂದು ಗಳಿಗೆ ಬಸ್ಸು ನೇರ ಅದರೊಳಕ್ಕೇ ಇಳಿಯುತ್ತದೆ ಅನಿಸಿ ನಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಉಳಿದವರೆಲ್ಲ ತೂಕಡಿಸುತ್ತಿದ್ದರು. ಅವರಿಗೆ ಅದು ಮಾರ್ಕೆಟ್ಟಿಗೆ ಹೋಗುವ ದಾರಿ. ರಾಮನಗರದ ಬಂಡೆ ಬೆಟ್ಟಗಳ ಕೆಳಗೆ ಓಡಾಡುವಾಗ ನಾವೂ ಹಾಗೇ ತೂಕಡಿಸುತ್ತೇವಲ್ಲ, ಹೊರಗಿನವರು ಕಾರು ನಿಲ್ಲಿಸಿ ಫೋಟೋ ತೆಗೆಯುವಾಗ ಇಲ್ಲೇನಿದೆ ಎಂದುಕೊಳ್ಳುತ್ತೇವಲ್ಲ ಎಂದು ಆಗ ನೆನಪಾಯಿತು.

ರಂಗತ್ ಎಂಬ ಊರಿಗೆ ಹೋಗುವ ಬಸ್ಸಿನ ಬಗ್ಗೆ ಹೇಳಿದವಳು ನಾವು ಇಳಿದುಕೊಂಡಿದ್ದ ಮನೆಯ ಒಡತಿ. ಅವಳು ಆಂಧ್ರದ ಕಡೆಯವಳು, ಹುಟ್ಟಿದ್ದು ಮಾತ್ರ ಇಲ್ಲೇ. "ಅದು ಬೇರೆ ದ್ವೀಪ. ಬಸ್ಸು ಅಲ್ಲಿಗೆ ಹೋಗುತ್ತದೆ" ಅಂದಳು.

"ಬ್ಯಾರೆ ದ್ವೀಪುಕ್ಕೆ ಬಸ್ಸು ಎಂಗೆ ಓಯ್ತದೆ?" ಎಂದು ಚಿಕ್ಕಮ್ಮ ನನ್ನ ಮೂಲಕ ಕೇಳಿದಳು.

ಮನೆಯೊಡತಿ ನಕ್ಕು, "ಹೋಗಿ ನೋಡಿ" ಅಂದಳು.

ಆ ಬಸ್ಸು ಬೆಳಗಾಗುವ ಹೊತ್ತಿಗೇ ಹೊರಡುತ್ತದೆ. ಅಲ್ಲಿ ಸೂರ್ಯನೂ ನಮ್ಮ ಕಡೆಗಿಂತ ಬೇಗ ಏಳುತ್ತಾನೆ. ಊರ ಆಚೆಗೆ ಒಂದು ಗೇಟಿನ ಬಳಿ ವಾಹನಗಳೆಲ್ಲ ಸಾಲಾಗಿ ನಿಂತಿದ್ದವು. ಮುಂದಿನದು ಆ ಕಾಡಿನ ಮೂಲ ಜನರಿಗೆ ಸೇರಿದ ಜಾಗ, ಎಲ್ಲಾ ವಾಹನಗಳೂ ಕಾವಲಿನ ಜೊತೆ ಒಟ್ಟಿಗೇ ಹೋಗಬೇಕು, ಎಲ್ಲೂ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ ಎಂದು ಕಂಡಕ್ಟರ್ ಎದ್ದು ನಿಂತು ಹೇಳಿದ. ಸಣ್ಣ ವಯಸ್ಸಿನ, ಮೀಸೆ ತಿದ್ದಿದ ಕಂಡಕ್ಟರ್. ಅಷ್ಟರವರೆಗೆ ಜೋರಾಗಿ ಹಾಡುತ್ತಿದ್ದ ಪೆಟ್ಟಿಗೆಯನ್ನು ಡ್ರೈವರ್ ಆರಿಸಿದ. ಗೇಟು ತೆರೆಯಿತು.

ಅಂಥ ಮರಗಳನ್ನು ನಾನು ನೋಡಿರಲಿಲ್ಲ. ಬುಡ ಕಂಡರೆ ತುದಿ ಕಾಣದು. ಕತ್ತು ಕಿಟಕಿಗೆ ಆನಿಸಿ ಎಷ್ಟು ಮೇಲೆ ನೋಡಿದರೂ ಕೊಂಬೆಯೇ ಶುರುವಾಗುತ್ತಿರಲಿಲ್ಲ. ರಸ್ತೆ ಅವುಗಳ ಕಾಲಡಿಯಲ್ಲಿ ದಾರದ ಹಾಗೆ ಹೋಗುತ್ತಿತ್ತು. ಬಳ್ಳಿಗಳು ಇಳಿಬಿದ್ದು ಬಸ್ಸಿನ ನೆತ್ತಿಯನ್ನು ಸವರುತ್ತಿದ್ದವು. ನಮಗೆ ಯಾರೂ ಕಾಣಲಿಲ್ಲ, ಎಲೆಯೊಂದೂ ಅಲ್ಲಾಡಲಿಲ್ಲ. ಆದರೂ ಆ ಕಾಡಿನಲ್ಲಿ ಜನ ಇದ್ದಾರೆ, ಇದು ಅವರ ಮನೆ ಎನ್ನುವುದು ಮೈಗೆ ತಾಗುತ್ತಿತ್ತು.

ಚಿಕ್ಕಮ್ಮ ನನ್ನ ಕಿವಿಯ ಹತ್ತಿರ ಬಂದು, "ಯಾರ್ದೋ ನಡುಮನ್ಯಾಗೆ ಚಪ್ಲಿ ಆಕ್ಕೊಂಡು ಓಯ್ತಾ ಇದ್ದಂಗೆ ಐತೆ ಕಣೇ" ಅಂದಳು. ಆಮೇಲೆ ಕಾಲಿನಿಂದ ಚಪ್ಪಲಿ ತೆಗೆದು ಸೀಟಿನ ಕೆಳಕ್ಕೆ ಸರಿಸಿ ಬರಿಗಾಲಲ್ಲಿ ಕೂತಳು. ಕಾಡು ಮುಗಿಯುವವರೆಗೂ ಹಾಗೇ ಇದ್ದಳು.

ಕಾಡು ಮುಗಿದದ್ದು ನೀರಿನಲ್ಲಿ. ರಸ್ತೆ ಇಳಿಯುತ್ತಾ ಬಂದು ಒಂದು ಜೆಟ್ಟಿಯ ಅಂಚಿಗೆ ನಿಂತುಬಿಟ್ಟಿತು. ಮುಂದೆ ಅಗಲವಾದ ಹಸಿರು ನೀರಿನ ಕಾಲುವೆ. ಅದೂ ಸಮುದ್ರವೇ, ಎರಡು ದ್ವೀಪಗಳ ನಡುವೆ ನುಗ್ಗಿ ಬಂದ ಸಮುದ್ರ. ಎರಡೂ ದಡದಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು ಬೇರುಗಳನ್ನು ಊರುಗೋಲಿನಂತೆ ನೀರಿಗೆ ಊರಿ ನಿಂತಿದ್ದವು. ಮೊಸಳೆ ಇದೆ, ನೀರಿಗಿಳಿಯಬೇಡಿ ಎಂಬ ಬೋರ್ಡಿತ್ತು. ಆಚೆ ದಡದಿಂದ ಚಪ್ಪಟೆಯಾದ ದೊಡ್ಡ ಹಡಗೊಂದು ನಮ್ಮ ಕಡೆಗೆ ಬರುತ್ತಿತ್ತು.

"ಎಲ್ರೂ ಇಳೀರಿ, ನಡ್ಕೊಂಡು ಹತ್ತಿ" ಎಂದು ಕಂಡಕ್ಟರ್ ಕೂಗಿದ.

ನಮ್ಮ ಮುಂದೆ ಕಾರು, ಜೀಪು, ಲಾರಿಗಳ ಉದ್ದನೆಯ ಸಾಲಿತ್ತು. ನಮ್ಮ ಬಸ್ಸಿನ ಸರದಿ ಬರುವಷ್ಟರಲ್ಲಿ ಒಂದೆರಡು ಸಲ ಹಡಗು ಹೋಗಿಬರಬೇಕು ಎಂದುಕೊಂಡೆ. ಹೆಂಗಸರ ಶೌಚಾಲಯ ಅಂಗಡಿಗಳ ಹಿಂದೆ ಇತ್ತು.

"ನಾನು ಹೋಗಿಬರ್ತೀನಿ, ನೀನು ಇಲ್ಲೇ ಇರು ಚಿಕ್ಕಮ್ಮ."

"ನೀನೋಗು. ನಾನು ಬಸ್ಸು ಎಂಗೆ ಅತ್ತುತ್ತದೆ ಅಂತ ಒಸಿ ಅತ್ರದಿಂದ ನೋಡ್ತೀನಿ" ಅಂದಳು. ಅವಳ ಚೀಲ, ಫೋನು ಎಲ್ಲವೂ ನನ್ನ ಹೆಗಲಿನಲ್ಲಿದ್ದವು.

ಅಲ್ಲಿಯೂ ಸಾಲಿತ್ತು. ಕೈತೊಳೆದು ವಾಪಸ್ಸು ಬರುವಾಗ ಇಂಜಿನ್ನಿನ ಭಾರೀ ಸದ್ದು ಕೇಳಿಸಿತು. ಅಂಗಡಿಯ ಮೂಲೆ ತಿರುಗಿದೆ. ಬಸ್ಸು ನಿಂತಿದ್ದ ಜಾಗ ಖಾಲಿ. ಕಾರುಗಳ ಸಾಲು ಹಾಗೆಯೇ ಇತ್ತು. ಸರ್ಕಾರಿ ಬಸ್ಸಿಗೆ ಅಲ್ಲಿ ಸಾಲಿಲ್ಲ, ಅದು ಮೊದಲು ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನೀರಿನ ಕಡೆ ನೋಡಿದೆ. ನಮ್ಮ ಬಸ್ಸು ಹಡಗಿನ ನಡುಮಧ್ಯದಲ್ಲಿ ಒಂದು ಮನೆಯ ಹಾಗೆ ನೆಟ್ಟಗೆ ನಿಂತು, ನೀರಿನ ಮೇಲೆ ತೇಲುತ್ತಾ ಹೋಗುತ್ತಿತ್ತು. ಅದರ ಪಕ್ಕದ ಕಂಬಿಯ ಬಳಿ ಜನರ ಗುಂಪು. ಆ ಗುಂಪಿನಲ್ಲಿ ಚಿಕ್ಕಮ್ಮನ ಅರಿಶಿನ ಬಣ್ಣದ ಸೀರೆ.

"ಚಿಕ್ಕಮ್ಮಾ!" ಎಂದು ಕೂಗಿದೆ. ಇಂಜಿನ್ನಿನ ಸದ್ದಿಗೆ ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ತಲೆಯೆತ್ತಿ ಬಸ್ಸನ್ನೇ ನೋಡುತ್ತಿದ್ದಳು.

ನನ್ನ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಇದ್ದರೂ ಯಾರಿಗೆ ಮಾಡುವುದು, ಅವಳ ಫೋನು ನನ್ನ ಹೆಗಲಿನಲ್ಲೇ ಇತ್ತು. ಆಚೆ ದಡ ತಲುಪಿದ ಕೂಡಲೇ ಬಸ್ಸು ಹೊರಟುಬಿಡುತ್ತದೆ. ಅವಳು ಅದರಲ್ಲಿ ಕೂತರೂ ಕಷ್ಟ, ಇಳಿದು ಉಳಿದರೂ ಕಷ್ಟ. ಕೈಯಲ್ಲಿ ಒಂದು ಕಾಸಿಲ್ಲ, ಹೋಗಬೇಕಾದ ಊರಿನ ಹೆಸರು ಅವಳ ಬಾಯಲ್ಲಿ ಇನ್ನೂ ಕೂತಿರಲಿಲ್ಲ. ಜೆಟ್ಟಿಯ ಅಂಚಿನಲ್ಲಿ ಅತ್ತಿಂದಿತ್ತ ಓಡಾಡಿದೆ. ಚಹಾ ಅಂಗಡಿಯ ಹೆಂಗಸು ನನ್ನನ್ನು ನೋಡಿ ಹೊರಗೆ ಬಂದಳು. ಏನಾಯಿತೆಂದು ಕೇಳಿ ತಿಳಿದುಕೊಂಡು ಒಂದು ಸ್ಟೂಲು ಎಳೆದಳು.

"ಕೂತ್ಕೋ. ಹಡಗು ಇದೇ ಕಡೆ ವಾಪಸ್ಸು ಬರಬೇಕಲ್ಲ, ಅದಕ್ಕೆ ಇನ್ನೆಲ್ಲಿಗೂ ದಾರಿಯಿಲ್ಲ" ಅಂದಳು ಹಿಂದಿಯಲ್ಲಿ.

"ಬಸ್ಸು ಹೋಗಿಬಿಟ್ಟರೆ?"

ಅವಳು ಒಳಗೆ ಹೋದಳು. ಲೋಟ ತುಂಬಾ ಚಹಾ ತಂದು ಕೈಗಿಟ್ಟಳು.

ಆ ಸ್ಟೂಲಿನ ಮೇಲೆ ಕೂತು ನಾನು ನೋಡಿದ್ದನ್ನು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಭಯದಲ್ಲಿ ಏನೂ ಕಾಣುವುದಿಲ್ಲ ಅನ್ನುತ್ತಾರೆ. ನನಗೆ ಎಲ್ಲವೂ ಕಂಡಿತು. ಹಡಗು ಹೋದ ಜಾಗದಲ್ಲಿ ನೀರು ನಿಧಾನವಾಗಿ ಕೂಡಿಕೊಂಡದ್ದು, ಅದರ ಮೇಲೆ ಒಂದು ನೀಲಿ ಹಕ್ಕಿ ಕಲ್ಲಿನ ಹಾಗೆ ಬಿದ್ದು ಮೀನು ಕಚ್ಚಿಕೊಂಡು ಎದ್ದದ್ದು, ಕಾಂಡ್ಲಾ ಬೇರುಗಳ ನಡುವೆ ಕೆಸರಿನಲ್ಲಿ ಪುಟ್ಟ ಮೀನುಗಳು ಕಾಲಿದ್ದಂತೆ ನಡೆದಾಡುತ್ತಿದ್ದದ್ದು. ಬಿಸಿಲು ಏರಿದಂತೆ ಕಾಲುವೆಯ ಬಣ್ಣ ಬದಲಾಗುತ್ತಾ ಬಂತು. ನೀರು ಒಂದು ಕಡೆಗೆ ಎಳೆಯುತ್ತಿತ್ತು, ಹೊಳೆಯಲ್ಲ ಅದು, ಸಮುದ್ರವೇ ಇಡಿಯಾಗಿ ಒಂದು ಕಡೆಗೆ ನಡೆಯುತ್ತಿತ್ತು. ಈ ಜನ ದಿನಾ ಇದನ್ನು ದಾಟಿ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಹೋಗುತ್ತಾರಲ್ಲ ಅನಿಸಿತು. ನಮ್ಮೂರಲ್ಲಿ ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಂದು, ಅದೂ ತಪ್ಪಿದರೆ ಆಟೋ, ಇಲ್ಲದಿದ್ದರೆ ಯಾರದಾದರೂ ಬೈಕು. ಇಲ್ಲಿ ಜೀವನವೆಲ್ಲ ಒಂದು ಹಡಗಿನ ಮೇಲೆ, ಅದು ಬಂದಾಗ ಬಂತು.

ಅದು ಬಂತು. ನಾನು ಎಲ್ಲರಿಗಿಂತ ಮೊದಲು ಹತ್ತಿ ಮುಂದಿನ ಕಂಬಿಗೆ ಹೋಗಿ ನಿಂತೆ. ಹಡಗು ನಡುನೀರಿಗೆ ಬಂದಾಗ ಆಚೆ ದಡ ಬಿಡಿಬಿಡಿಯಾಗಿ ಕಾಣತೊಡಗಿತು. ಮೊದಲು ತೆಂಗಿನ ಮರಗಳು, ಆಮೇಲೆ ಒಂದು ಶೆಡ್ಡು, ಏರುವ ರಸ್ತೆ. ರಸ್ತೆಯ ಪಕ್ಕದಲ್ಲಿ ಒಂದು ಬಸ್ಸು.

ಬಸ್ಸು ಹೊರಟಿರಲಿಲ್ಲ. ಅದರ ಇಂಜಿನ್ ಆರಿತ್ತು. ಪ್ರಯಾಣಿಕರೆಲ್ಲ ಇಳಿದು ಒಂದು ದೊಡ್ಡ ಮರದ ನೆರಳಿನಲ್ಲಿ ಕೂತಿದ್ದರು. ಡ್ರೈವರ್ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಬಸ್ಸಿನ ಮೆಟ್ಟಿಲ ಮೇಲೆ ಅರಿಶಿನ ಬಣ್ಣದ ಸೀರೆ ಉಟ್ಟ ಹೆಂಗಸು ಕೂತು, ಬಾಯಲ್ಲಿ ಯಾರೋ ಕೊಟ್ಟಿದ್ದ ಎಲೆಅಡಿಕೆ ಅಗಿಯುತ್ತಾ, ಎರಡೂ ಕೈಯೆತ್ತಿ ನನ್ನ ಕಡೆಗೆ ಬೀಸುತ್ತಿದ್ದಳು. ಅವಳ ಜೊತೆಗೆ ಮರದ ಕೆಳಗಿದ್ದವರೂ ಎದ್ದು ನಿಂತು ಕೈ ಬೀಸತೊಡಗಿದರು.

ನಾನು ಓಡಿ ಹೋಗಿ ಅವಳನ್ನು ತಬ್ಬಿಕೊಂಡೆ. ನನಗೆ ಅಳು ಬಂತು.

"ಅಯ್ಯೋ, ಅಳ್ತೀಯಲ್ಲೇ! ಬಸ್ಸು ಅಡಗು ಅತ್ತಿದ್ನ ನೋಡಿದ್ಯಾ? ನೋಡ್ಲಿಲ್ವಾ? ಪಾಪ, ನೀನು ನೋಡ್ಲೇ ಇಲ್ಲ!" ಅಂದಳು.

"ನೀನು ಏನು ಹೇಳಿದೆ ಇವರಿಗೆ?"

"ನಾನೇನೂ ಏಳ್ಲಿಲ್ಲ ಕಣವ್ವ. ನಡೂ ನೀರಾಗೆ ತಿರುಗಿ ನೋಡ್ತೀನಿ, ನೀನಿಲ್ಲ. ಎದೆ ಧಸಕ್ ಅಂತು. ಒಬ್ಳು ಲಡ್ಕಿ ರಹ್ ಗಯಾ ಅಂದೆ. ಆ ಕಡೆ ಕೈ ತೋರಿಸ್ದೆ. ಈ ಕಂಡಕ್ಟ್ರಯ್ಯ ಬಂದು ಕೂತ್ಕಳಿ ಅಮ್ಮ ಅಂದ. ದಡುಕ್ಕೆ ಬಂದ್ಮ್ಯಾಲೆ ಡ್ರೈವರು ಬಸ್ಸು ಪಕ್ಕುಕ್ಕೆ ಆಕಿ ಆಫ್ ಮಾಡಿ ಇಳ್ದ್ಬುಟ್ಟ. ಅಷ್ಟೇ ಕಣೇ. ಯಾರೂ ಒಂದ್ ಮಾತು ಆಡ್ಲಿಲ್ಲ."

ಲಡ್ಕಿ ಅಂದದ್ದಕ್ಕೆ ಯಾರೋ ಚಿಕ್ಕ ಹುಡುಗಿ ಉಳಿದುಹೋಗಿದ್ದಾಳೆ ಎಂದು ಅವರು ತಿಳಿದದ್ದರಿಂದ, ಐವತ್ತರ ಅಂಚಿನಲ್ಲಿರುವ ನಾನೇ ಅವಳು ಎಂದು ಖಚಿತವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮರದ ಕೆಳಗಿನ ಒಬ್ಬಾಕೆ ನಕ್ಕಳು, ಎಲ್ಲರೂ ನಕ್ಕರು.

ನಾನು ಕಂಡಕ್ಟರನ ಬಳಿಗೆ ಹೋಗಿ ಕ್ಷಮೆ ಕೇಳಿದೆ. ಇಷ್ಟೊಂದು ಜನರನ್ನು ಕಾಯಿಸಿದೆನಲ್ಲ ಎಂದೆ. ಅವನಿಗೆ ಅದು ಯಾಕೆಂದೇ ಅರ್ಥವಾದಂತೆ ಕಾಣಲಿಲ್ಲ. ಟಿಕೆಟ್ ಚೀಲವನ್ನು ಭುಜಕ್ಕೆ ಏರಿಸಿಕೊಳ್ಳುತ್ತಾ, "ನೀರಿನ ಆಚೆ ಉಳಿದವರನ್ನು ಬಿಟ್ಟು ಹೋಗುವುದು ಹೇಗೆ ದೀದಿ? ನಮ್ಮಮ್ಮ ಒಂದು ಸಲ ಇದೇ ಜೆಟ್ಟಿಯಲ್ಲಿ ಉಳಿದಿದ್ದಳು. ಆವತ್ತೂ ಕಾದಿದ್ದರು" ಅಂದ.

ಬಸ್ಸು ಹತ್ತಿದಾಗ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ಹಿಂದಿನ ಸೀಟಿನ ವಯಸ್ಸಾದ ಬಂಗಾಳಿ ಗಂಡಸಿನ ಕಾಲಬಳಿ ಒಂದು ಮೀನಿನ ಪೆಟ್ಟಿಗೆಯಿತ್ತು. ಅದರ ಮೂಲೆಯಿಂದ ಐಸು ಕರಗಿ ನೀರಾಗಿ ಬಸ್ಸಿನ ನೆಲದ ಮೇಲೆ ಹರಿದು ಬಾಗಿಲಿನವರೆಗೂ ಬಂದಿತ್ತು. ಕಾದದ್ದರಿಂದ ಎಲ್ಲರಿಗಿಂತ ಹೆಚ್ಚು ನಷ್ಟವಾಗಿದ್ದರೆ ಅವರಿಗೇ. ನಾನು ಅವರ ಮುಖ ನೋಡಲಾರದೆ ತಲೆ ತಗ್ಗಿಸಿದೆ. ಚಿಕ್ಕಮ್ಮ ಹಾಗೆ ಮಾಡುವವಳಲ್ಲ. ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತಳು.

"ಮಚ್ಲಿ ಖರಾಬ್?" ಎಂದು ಪೆಟ್ಟಿಗೆ ತೋರಿಸಿ ಕೇಳಿದಳು.

ಅವರು ಮುಚ್ಚಳ ಎತ್ತಿ ತೋರಿಸಿದರು. ಕರಗಿ ಉಳಿದ ಐಸಿನ ನಡುವೆ ಬೆಳ್ಳಿಯಂಥ ಮೀನುಗಳು, ಒಂದೊಂದೂ ನನ್ನ ತೋಳಿನಷ್ಟು ಉದ್ದ. "ಕುಛ್ ನಹೀ ಹೋತಾ" ಎಂದು, ಏನೂ ಆಗುವುದಿಲ್ಲ ಎನ್ನುವಂತೆ ಮುಚ್ಚಳ ಮುಚ್ಚಿದರು. ಮಗಳ ಊರಿನಲ್ಲಿ ಮೊಮ್ಮಗುವಿಗೆ ಅನ್ನ ತಿನ್ನಿಸುವ ಶಾಸ್ತ್ರ, ಅದಕ್ಕೆ ಒಯ್ಯುತ್ತಿದ್ದೇನೆ ಎಂದು ಅವರು ಹೇಳಿದ್ದು ನನಗೂ ಅರ್ಥವಾಯಿತು. ಚಿಕ್ಕಮ್ಮ ಗೂಡಿನ ಮಾರುಕಟ್ಟೆಯ ಉರ್ದುವಿನಲ್ಲಿ, ಅವರು ಬಂಗಾಳಿ ಬೆರೆತ ಹಿಂದಿಯಲ್ಲಿ, ಮಗುವಿಗೆ ಮೊದಲು ಏನು ತಿನ್ನಿಸಬೇಕು ಎಂಬ ಬಗ್ಗೆ ಬಹಳ ಹೊತ್ತು ಮಾತಾಡಿದರು. ಪಾಯಸ ಎನ್ನುವ ಒಂದು ಮಾತಿನ ಮೇಲೆ ಇಬ್ಬರಿಗೂ ಒಪ್ಪಿಗೆಯಾಯಿತು.

ದಾರಿಯಲ್ಲಿ ಇನ್ನೊಂದು ಕಾಲುವೆ ಬಂತು. ಅದಕ್ಕೆ ಈಗ ಸೇತುವೆಯಾಗಿದೆ. ಎತ್ತರದ, ಉದ್ದದ ಸೇತುವೆ. ಬಸ್ಸು ಅದರ ಬೆನ್ನಿನ ಮೇಲೆ ಏರಿದಾಗ ಕೆಳಗೆ ಎರಡೂ ಕಡೆ ಕಾಂಡ್ಲಾ ಕಾಡಿನ ನಡುವೆ ಸಮುದ್ರ ಬೆರಳು ಬೆರಳಾಗಿ ಒಳಕ್ಕೆ ಹೊಕ್ಕಿರುವುದು ಕಂಡಿತು. ಮುಂದೆ ರಸ್ತೆ ಎಷ್ಟೋ ಹಳ್ಳಿಗಳನ್ನು ದಾಟಿತು. ಒಂದೊಂದು ಹಳ್ಳಿಗೂ ಒಂದೊಂದು ಭಾಷೆ. ಒಂದರಲ್ಲಿ ತುಳಸಿಕಟ್ಟೆ ಮತ್ತು ಕೊಳ, ಮುಂದಿನದರಲ್ಲಿ ಬಿಳಿ ಶಿಲುಬೆಯ ಪುಟ್ಟ ಚರ್ಚು, ಅದರ ಮುಂದಿನದರಲ್ಲಿ ಮುರುಗನ ಗುಡಿ. ಎಲ್ಲೆಲ್ಲಿಂದಲೋ ಬಂದು ನೀರಿನ ನಡುವೆ ಇಷ್ಟು ದೂರ ನೆಲೆ ನಿಂತ ಜನ, ಅವರನ್ನೆಲ್ಲ ಒಂದಕ್ಕೊಂದು ಹೊಲಿಯುತ್ತಾ ಹೋಗುತ್ತಿದ್ದದ್ದು ಈ ಒಂದು ಬಸ್ಸು. ಒಂದು ಕಡೆ ಔಷಧಿಯ ಪೊಟ್ಟಣ ಇಳಿಸಿ, ಇನ್ನೊಂದು ಕಡೆ ಒಂದು ಕೋಳಿಯನ್ನು ಹತ್ತಿಸಿಕೊಂಡು, ಯಾರಿಗೋ ಬಾಯಿಮಾತಿನ ಸುದ್ದಿ ಕೂಗಿ ಹೇಳಿ ಮುಂದೆ ಹೋಗುತ್ತಿತ್ತು.

ಮೀನಿನ ಪೆಟ್ಟಿಗೆಯ ಹಿರಿಯರು ಒಂದು ಕವಲುದಾರಿಯಲ್ಲಿ ಇಳಿದರು. ಅಲ್ಲಿ ಅವರ ಮಗಳು ಹಸುಗೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ತಡವಾಯಿತಲ್ಲ ಎಂದು ಕೇಳಿರಬೇಕು. ಅವರು ಬಸ್ಸಿನ ಕಡೆ ಕೈ ತೋರಿಸಿ ಏನೋ ಹೇಳಿದರು. ಮಗಳು ನಮ್ಮ ಕಿಟಕಿಯ ಹತ್ತಿರ ಬಂದು, ನಗುತ್ತಾ, ಮಗುವಿನ ಪುಟ್ಟ ಕೈಯನ್ನು ಹಿಡಿದು ಚಿಕ್ಕಮ್ಮನ ಕಡೆಗೆ ಆಡಿಸಿದಳು. ಚಿಕ್ಕಮ್ಮ ಕಿಟಕಿಯಿಂದ ಕೈ ಚಾಚಿ ಮಗುವಿನ ತಲೆ ಸವರಿ ನೆಟಿಗೆ ಮುರಿದಳು.

ರಂಗತ್ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಬಡಿಸುವ ಹೆಂಗಸು ಅನ್ನದ ಪಾತ್ರೆ ಹಿಡಿದು ನನ್ನ ಮುಖವನ್ನೇ ನೋಡಿ, "ಜೆಟ್ಟಿಯಲ್ಲಿ ಉಳಿದುಹೋದವಳು ನೀನೇನಾ?" ಅಂದಳು ತಮಿಳಿನಲ್ಲಿ. ನಮ್ಮ ಡ್ರೈವರ್ ಕೈತೊಳೆಯುವ ಜಾಗದಿಂದ ತಿರುಗಿ ನೋಡಿ ನಕ್ಕ. ಅವಳು ನನ್ನ ಎಲೆಗೆ ಬೇಡವೆಂದರೂ ಕೇಳದೆ ಇನ್ನೊಂದು ಸೌಟು ಅನ್ನ ಹಾಕಿ, ಹೆದರಿದವರಿಗೆ ಹಸಿವು ಜಾಸ್ತಿ ಅಂದಳು. ನಿಜವೇ ಆಗಿತ್ತು.

ಮಾರನೆಯ ಬೆಳಿಗ್ಗೆ ನಾವು ಪೋರ್ಟ್ ಬ್ಲೇರಿಗೆ ವಾಪಸ್ಸು ಹೊರಡಬೇಕಿತ್ತು. ಸ್ಟ್ಯಾಂಡಿಗೆ ಬಂದಾಗ ಎರಡು ಬಸ್ಸು ನಿಂತಿದ್ದವು. ಒಂದರ ಮೂತಿ ದಕ್ಷಿಣಕ್ಕೆ, ಇನ್ನೊಂದರದು ಉತ್ತರಕ್ಕೆ. ಚಿಕ್ಕಮ್ಮ ಎರಡನೆಯದರ ಮುಂದೆ ನಿಂತಳು.

"ಇದೆಲ್ಲಿಗೆ?"

"ದಿಗ್ಲಿಪುರಕ್ಕೆ. ಇನ್ನೂ ಮೇಲಿನ ದ್ವೀಪ. ರಸ್ತೆ ಅಲ್ಲಿಗೆ ಮುಗಿಯುತ್ತೆ."

ನನ್ನ ಹತ್ತಿರ ರಜೆ ಇನ್ನೂ ಇತ್ತು. ಅವಳ ಹುಳುಮನೆಗೆ ಹೊಸ ಮೊಟ್ಟೆ ಬರಲು ಇನ್ನೂ ಸಮಯವಿತ್ತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರೂ ಹತ್ತಿದೆವು.

ಊರು ದಾಟಿದ ಸ್ವಲ್ಪ ಹೊತ್ತಿಗೆ ರಸ್ತೆ ಮರಗಳನ್ನು ಬಿಟ್ಟು ಬಲಕ್ಕೆ ಸರಿಯಿತು. ಸಮುದ್ರ ಬಂದು ನಮ್ಮ ಕಿಟಕಿಯ ಕೆಳಗೇ ನಿಂತಿತು. ಎಷ್ಟು ಹತ್ತಿರವೆಂದರೆ, ಅಲೆ ಬಂಡೆಗೆ ಬಡಿದಾಗ ಉಪ್ಪಿನ ಹನಿಗಳು ಒಳಕ್ಕೆ ಸಿಡಿದವು. ಬೆಳಗಿನ ಬಿಸಿಲು ನೀರಿನ ಮೇಲೆ ದಿಗಂತದವರೆಗೂ ಹರಡಿ ಕಣ್ಣು ಕೋರೈಸುತ್ತಿತ್ತು. ಬಸ್ಸಿನಲ್ಲಿ ಇದ್ದವರು ಹಾಲಿನ ಡಬ್ಬಿ, ಸ್ಕೂಲ್ ಬ್ಯಾಗು ಇಟ್ಟುಕೊಂಡು ತಮ್ಮ ತಮ್ಮ ಮಾತಿನಲ್ಲಿದ್ದರು. ಚಿಕ್ಕಮ್ಮನ ಪಕ್ಕದಲ್ಲಿ ಒಬ್ಬ ಹುಡುಗಿ ಕೂತು, ನೀವು ಯಾವ ಊರಿನವರು ಎಂದು ಹಿಂದಿಯಲ್ಲಿ ಕೇಳಿದಳು. ಚಿಕ್ಕಮ್ಮನಿಗೆ ಕೇಳಿಸಲಿಲ್ಲ. ಹುಡುಗಿ ಮತ್ತೊಮ್ಮೆ ಕೇಳಿದಳು. ಬಸ್ಸಿನಲ್ಲಿ ಯಾರಾದರೂ ಮಾತಾಡಿಸಿದಾಗ ಅವಳು ಉತ್ತರ ಕೊಡದೆ ಇದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಲೆಯ ಮೇಲಿನ ಸೆರಗು ಜಾರಿ ಭುಜಕ್ಕೆ ಬಿದ್ದಿತ್ತು. ಮುಖದ ತುಂಬಾ ಉಪ್ಪುನೀರಿನ ಹನಿ. ಬಾಯಿ ಸ್ವಲ್ಪ ತೆರೆದುಕೊಂಡು, ರೆಪ್ಪೆ ಬಡಿಯದೆ ಹೊರಗೆ ನೋಡುತ್ತಿದ್ದಳು.

ಹುಡುಗಿ ನನ್ನ ಕಡೆ ತಿರುಗಿದಳು. ಅವಳ ಪರವಾಗಿ ನಾನೇ ಹೇಳಿದೆ: "ಚನ್ನಪಟ್ಟಣ."